ಒಬ್ಬರೇ ದೇವರು: ಇಸ್ರಯೇಲರು ನಿಧಾನವಾಗಿ ಕಲಿತ ಪಾಠ



ಪೆಂತೆಕೋಸ್ತ್ ಹಬ್ಬದ ಮರು ಭಾನುವಾರ ಧರ್ಮಸಭೆಯು ತ್ರಿಯೇಕ ದೇವರ ಮಹೋತ್ಸವವನ್ನು ಆಚರಿಸುತ್ತದೆ. ಮೂರು ವರ್ಷಗಳ ವಾಚನ ಸರದಿಯಲ್ಲಿ 'ಬಿ' ವರ್ಷ ಬಂದಾಗ ಅಂದಿನ ಮೊದಲ ವಾಚನ ಧರ್ಮೋಪದೇಶಕಾಂಡದ 4ನೇ ಅಧ್ಯಾಯದಿಂದ. ಸರ್ವೇಶ್ವರ ಒಬ್ಬರೇ ದೇವರು, ಅವರ ಸಾಟಿಗೆ ಎಲ್ಲಿಯೂ ಬೇರೊಬ್ಬರಿಲ್ಲ ಎಂಬುದನ್ನು ಮೋಶೆ ಜನರ ಮನಸ್ಸಿಗೆ ನಾಟುವಂತೆ ಹೇಳುವ ಭಾಗವದು. ವಾಚಕರು ಓದುತ್ತಾರೆ, ನಾವು ಕೇಳಿ ಉತ್ತರ ಕೊಟ್ಟು ಸುಮ್ಮನಾಗುತ್ತೇವೆ. ಹೊಸದೇನನ್ನೋ ಕೇಳಿದಂತೆ ನಮಗೆ ಅನ್ನಿಸುವುದಿಲ್ಲ. ದೇವರು ಒಬ್ಬರೇ ಎಂಬುದು ಮೊದಲ ಪರಮಪ್ರಸಾದಕ್ಕೆ ಸಿದ್ಧರಾಗುವ ಮಕ್ಕಳಿಗೂ ಬಾಯಿಪಾಠವಾಗಿರುವ ಉತ್ತರವಲ್ಲವೇ?

ಆದರೆ ಆ ಒಂದು ಮಾತು ಇಡೀ ಒಂದು ಜನಾಂಗದ ಬಾಯಿಗೆ ಬರಲು ಆರುನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಅದರ ಕಥೆಯನ್ನು ಈ ಹಬ್ಬದ ಸಂದರ್ಭದಲ್ಲಿ ಹೇಳಲು ಒಂದು ಕಾರಣವಿದೆ.

ಕಳೆದ ಬೇಸಿಗೆ ರಜೆಯಲ್ಲಿ ಒಂದು ಭಾನುವಾರ ಬಲಿಪೂಜೆಯ ನಂತರ ತಾಯಿಯೊಬ್ಬರು ಕಾಲೇಜಿನಲ್ಲಿ ಓದುವ ಮಗನನ್ನು ಕರೆದುಕೊಂಡು ನಮ್ಮ ಬಳಿ ಬಂದರು. "ಫಾದರ್, ಇವನಿಗೆ ಸ್ವಲ್ಪ ಬುದ್ಧಿ ಹೇಳಿ. ಬೈಬಲಿನ ದೇವರಿಗೆ ಹೆಂಡತಿ ಇದ್ದಳಂತೆ, ಇಸ್ರಯೇಲರೂ ಹಲವು ದೇವರುಗಳನ್ನು ಪೂಜಿಸುತ್ತಿದ್ದರಂತೆ, ಮೊಬೈಲಿನಲ್ಲಿ ನೋಡಿ ಏನೇನೋ ಹೇಳುತ್ತಾನೆ. ಸಂಜೆ ಜಪಸರಕ್ಕೂ ಕೂರುತ್ತಿಲ್ಲ" ಎಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಆದರೆ ಅವನ ಮುಖದಲ್ಲಿ ಉದ್ಧಟತನ ಇರಲಿಲ್ಲ, ಏನನ್ನೋ ಕಳೆದುಕೊಂಡವನ ಕಳವಳವಿತ್ತು. ಆ ಕಳವಳ ನಮಗೆ ಗೊತ್ತು. ಗುರುಮಠದಲ್ಲಿ ಹಳೆಯ ಒಡಂಬಡಿಕೆಯ ಪಾಠ ನಡೆಯುವಾಗ ನಮ್ಮ ಗುರುಗಳು ಒಂದು ಒಡೆದ ಗಡಿಗೆಯ ಚಿತ್ರವನ್ನು ತೋರಿಸಿದ್ದರು. ಆ ವಾರವೆಲ್ಲ ಪ್ರಾರ್ಥನಾಲಯದಲ್ಲಿ ಕುಳಿತರೂ ಪ್ರಾರ್ಥನೆ ಬರಲಿಲ್ಲ. ಆದ್ದರಿಂದ ಆ ಹುಡುಗನಿಗೆ ಬುದ್ಧಿ ಹೇಳುವ ಮನಸ್ಸು ನಮಗಾಗಲಿಲ್ಲ. ಅವನು ಓದಿದ್ದು ಸುಳ್ಳಲ್ಲ, ಅರ್ಧ ಕಥೆ. ಉಳಿದರ್ಧವನ್ನು ಹೇಳುವ ಹೊಣೆ ನಮ್ಮದು.

ಇಸ್ರಯೇಲ್ ಎಂಬ ಹೆಸರು ಬೈಬಲಿನ ಹೊರಗೆ ಮೊದಲು ಸಿಗುವುದು ಈಜಿಪ್ಟಿನ ಅರಸ ಮೆರ್ನೆಪ್ತಾನ ವಿಜಯಶಾಸನದಲ್ಲಿ, ಸುಮಾರು ಕ್ರಿ.ಪೂ. 1208ರಲ್ಲಿ. ಆ ಕಾಲದ ಕಾನಾನ್ ನಾಡಿನಲ್ಲಿ ಪ್ರತಿ ಜನಕ್ಕೂ ಒಬ್ಬ ದೇವರು. ಮೋವಾಬ್ಯರಿಗೆ ಕೆಮೋಷ್, ಅಮ್ಮೋನ್ಯರಿಗೆ ಮಿಲ್ಕೋಮ್, ಇಸ್ರಯೇಲರಿಗೆ ಸರ್ವೇಶ್ವರ. ನಾಡಿಗೊಬ್ಬ ಅರಸನಿರುವ ಹಾಗೆ ನಾಡಿಗೊಬ್ಬ ದೇವರು. 1868ರಲ್ಲಿ ಇಂದಿನ ಜೋರ್ಡಾನಿನ ಧಿಬಾನ್ ಎಂಬಲ್ಲಿ ಮೋವಾಬಿನ ಅರಸ ಮೇಷನ ಕಲ್ಲು ಸಿಕ್ಕಿತು. ಈಗ ಅದು ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ.ಪೂ. 9ನೇ ಶತಮಾನದ ಆ ಬರಹದಲ್ಲಿ ಅರಸ ಹೇಳಿಕೊಳ್ಳುವುದೇನೆಂದರೆ, ಕೆಮೋಷ್ ತನ್ನ ನಾಡಿನ ಮೇಲೆ ಮುನಿದಿದ್ದರಿಂದ ಇಸ್ರಯೇಲರು ಮೋವಾಬನ್ನು ತುಳಿದರು, ಮುನಿಸು ಇಳಿದ ಮೇಲೆ ಕೆಮೋಷ್ ನಾಡನ್ನು ಮರಳಿ ಕೊಟ್ಟ. ಹೆಸರು ಬದಲಿಸಿ ಓದಿದರೆ ನ್ಯಾಯಸ್ಥಾಪಕರ ಗ್ರಂಥದ ಒಂದು ಅಧ್ಯಾಯವನ್ನೇ ಓದಿದಂತಾಗುತ್ತದೆ.

ಬೈಬಲಿನಲ್ಲೇ ಇದರ ಗುರುತುಗಳಿವೆ. ನ್ಯಾಯಸ್ಥಾಪಕರ ಗ್ರಂಥದ 11ನೇ ಅಧ್ಯಾಯದಲ್ಲಿ ಯೆಫ್ತಾಹನು ಅಮ್ಮೋನ್ಯರ ಅರಸನಿಗೆ ಹೇಳಿ ಕಳುಹಿಸುವ ಮಾತಿನ ತಾತ್ಪರ್ಯ ಇಷ್ಟೇ: ಕೆಮೋಷ್ ನಿಮಗೆ ಕೊಟ್ಟದ್ದು ನಿಮಗಿರಲಿ, ಸರ್ವೇಶ್ವರ ನಮಗೆ ಕೊಟ್ಟದ್ದು ನಮಗಿರಲಿ. ಕೆಮೋಷ್ ಎಂಬುವನು ಇಲ್ಲವೇ ಇಲ್ಲ ಎಂದು ಅವನು ವಾದಿಸುವುದಿಲ್ಲ. ಇನ್ನೊಂದು ಪ್ರಸಂಗವನ್ನು ನೀವು 'ಸಿ' ವರ್ಷದ ಸಾಧಾರಣ ಕಾಲದ 28ನೇ ಭಾನುವಾರ ಕೇಳಿರುತ್ತೀರಿ. ಕುಷ್ಠ ವಾಸಿಯಾದ ಸಿರಿಯದ ಸೇನಾಪತಿ ನಾಮಾನ ಪ್ರವಾದಿ ಎಲೀಷನನ್ನು ಎರಡು ಹೇಸರಗತ್ತೆಗಳು ಹೊರುವಷ್ಟು ಮಣ್ಣು ಕೇಳುತ್ತಾನೆ. ಮಣ್ಣೇಕೆ? ಸರ್ವೇಶ್ವರ ಇಸ್ರಯೇಲ್ ನಾಡಿನ ದೇವರು, ಅವರನ್ನು ಆರಾಧಿಸಲು ಕಾಲಡಿಯಲ್ಲಿ ಅವರದೇ ನಾಡಿನ ಮಣ್ಣಿರಬೇಕು ಎಂಬ ಭಾವನೆ. ಎಷ್ಟೋ ಬಾರಿ ಈ ವಾಚನದ ಮೇಲೆ ಪ್ರಬೋಧನೆ ಕೊಟ್ಟಿದ್ದೇವೆ. ಕುಷ್ಠದ ಬಗ್ಗೆ, ಕೃತಜ್ಞತೆಯ ಬಗ್ಗೆ ಮಾತನಾಡಿ ಆ ಮಣ್ಣನ್ನು ಮಾತ್ರ ಬಿಟ್ಟೇಬಿಡುತ್ತಿದ್ದೆವು!

ದಶಾಜ್ಞೆಗಳ ಮೊದಲ ಆಜ್ಞೆಯನ್ನೂ ಈ ಬೆಳಕಿನಲ್ಲಿ ಗಮನಿಸಿ. ಬೇರೆ ದೇವರುಗಳು ಇಲ್ಲ ಎಂದು ಅದು ಹೇಳುವುದಿಲ್ಲ, ಅವರು ನಿನಗೆ ಬೇಡ ಎನ್ನುತ್ತದೆ. ಮದುವೆಯಲ್ಲಿ ಕೊಡುವ ಮಾತಿನಂತೆ ಇದು. ಲೋಕದಲ್ಲಿ ಬೇರೆ ಗಂಡಸರಿಲ್ಲ, ಬೇರೆ ಹೆಂಗಸರಿಲ್ಲ ಎಂದು ವಧೂವರರು ಪ್ರಮಾಣ ಮಾಡುವುದಿಲ್ಲವಷ್ಟೆ. ಇಸ್ರಯೇಲರ ವಿಶ್ವಾಸ ಮೊದಲು ಹುಟ್ಟಿದ್ದು ಇಂಥ ನಿಷ್ಠೆಯಾಗಿ. ಅದು ಸಿದ್ಧಾಂತವಾದದ್ದು ಬಹಳ ತಡವಾಗಿ.

ಆ ನಿಷ್ಠೆಯೂ ಸುಲಭವಾಗಿರಲಿಲ್ಲ. ಈಜಿಪ್ಟಿಗೆ ನೈಲ್ ನದಿಯಿತ್ತು, ಕಾನಾನಿಗೆ ಮಳೆಯೇ ಗತಿ. 1929ರಲ್ಲಿ ಸಿರಿಯದ ಕಡಲತೀರದ ರಾಸ್ ಶಮ್ರಾದಲ್ಲಿ ಅಗೆತ ಆರಂಭವಾದಾಗ ಉಗಾರಿತ್ ಎಂಬ ಪ್ರಾಚೀನ ಪಟ್ಟಣ ಬೆಳಕಿಗೆ ಬಂತು. ಅಲ್ಲಿ ಸಿಕ್ಕ ಜೇಡಿಮಣ್ಣಿನ ಹಲಗೆಗಳಲ್ಲಿ ಕಾನಾನ್ಯರ ಸುತ್ತಿನ ದೇವತೆಗಳ ಕಥೆಗಳಿವೆ. ಎಲ್ ಎಂಬ ಹಿರಿಯ ದೇವರು, ಅವನ ಪತ್ನಿ ಅಶೇರ, ಮೋಡಗಳನ್ನೇರಿ ಮಳೆ ತರುವ ಬಾಳ್. ಇಸ್ರಯೇಲ್ ಎಂಬ ಹೆಸರಿನೊಳಗೇ 'ಎಲ್' ಇದೆ. ಪಿತೃಗಳಿಗೆ ತಾನು 'ಎಲ್ ಶದ್ದಾಯ್' ಎಂದು ಪರಿಚಿತನಾಗಿದ್ದೆ ಎಂದು ದೇವರು ಮೋಶೆಗೆ ತಿಳಿಸುವುದನ್ನು ವಿಮೋಚನಾಕಾಂಡ 6ರಲ್ಲಿ ಓದುತ್ತೇವೆ. ಎಲ್ ಎಂಬ ಹೆಸರಿನೊಡನೆ ಪ್ರವಾದಿಗಳಿಗೆ ಜಗಳವೇ ಇರಲಿಲ್ಲ. ಜಗಳವಿದ್ದದ್ದು ಬಾಳನೊಡನೆ. ಏಕೆಂದರೆ ಬಿತ್ತನೆಯ ಕಾಲದಲ್ಲಿ ಮೋಡ ಕಾಣದಿದ್ದಾಗ ರೈತನ ಕೈ ತಾನಾಗಿಯೇ ಅತ್ತ ಮುಗಿಯುತ್ತಿತ್ತು. ಕಾರ್ಮೆಲ್ ಬೆಟ್ಟದ ಮೇಲೆ ಎಲೀಯ ಬಾಳನ 450 ಪ್ರವಾದಿಗಳಿಗೆ ಎದುರಾಗಿ ನಿಂತದ್ದು ಬರಗಾಲದ ಮೂರನೆಯ ವರ್ಷ ಎಂಬುದನ್ನು ಮರೆಯಬಾರದು. ಮಳೆ ಕೊಡುವವರು ಯಾರು ಎಂಬುದೇ ಅಲ್ಲಿನ ಪ್ರಶ್ನೆ. ಬೆಂಕಿ ಇಳಿದ ಮೇಲೆ ಕಥೆ ಮುಗಿಯುವುದಿಲ್ಲ, ಕಡಲಿನ ಮೇಲೆ ಅಂಗೈಯಗಲದ ಮೋಡ ಕಾಣಿಸಿಕೊಂಡ ಮೇಲೆ ಮುಗಿಯುತ್ತದೆ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. 1975-76ರಲ್ಲಿ ಸಿನಾಯ್ ಮರುಭೂಮಿಯ ಕುಂತಿಲ್ಲೆತ್ ಅಜ್ರೂದ್ ಎಂಬ ನಿರ್ಜನ ತಾಣದಲ್ಲಿ ಇಸ್ರಯೇಲಿನ ಪುರಾತತ್ತ್ವಜ್ಞರು ದೊಡ್ಡ ಶೇಖರಣಾ ಗಡಿಗೆಗಳ ಚೂರುಗಳನ್ನು ಕಂಡರು. ಸುಮಾರು ಕ್ರಿ.ಪೂ. 800ರ ಕಾಲದ್ದು. ಅವುಗಳ ಮೇಲೆ ಶಾಯಿಯಲ್ಲಿ ಬರೆದ ಆಶೀರ್ವಾದಗಳಲ್ಲಿ ಸರ್ವೇಶ್ವರರ ನಾಮವಿದೆ, ಜೊತೆಗೆ "ಅವರ ಅಶೇರ" ಎಂಬ ಪದವೂ ಇದೆ. ನಮ್ಮ ಗುರುಗಳು ಅಂದು ತೋರಿಸಿದ್ದು ಇದರ ಚಿತ್ರವನ್ನೇ. ಅಶೇರ ಎಂದರೆ ಇಲ್ಲಿ ದೇವತೆಯೋ ಅಥವಾ ಬಲಿಪೀಠದ ಪಕ್ಕದಲ್ಲಿ ನೆಡುತ್ತಿದ್ದ ಮರದ ಕಂಬವೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಹೀಬ್ರು ಭಾಷೆಯಲ್ಲಿ ವ್ಯಕ್ತಿಯ ಹೆಸರಿಗೆ 'ಅವರ' ಎಂಬ ಪ್ರತ್ಯಯ ಸೇರಿಸುವ ವಾಡಿಕೆ ಇಲ್ಲದ್ದರಿಂದ ಕಂಬವೇ ಇರಬೇಕು ಎನ್ನುವವರು ಹಲವರು. ಅದೇನೇ ಇರಲಿ, ಕಂಬವಾದರೂ ಅದು ಆ ದೇವತೆಯ ಹೆಸರನ್ನೇ ಹೊತ್ತ ಕಂಬ. ಜೆರುಸಲೇಮಿನ ಹಳೆಯ ಮನೆಗಳ ಅವಶೇಷಗಳಲ್ಲೂ ಎದೆಯನ್ನು ಕೈಗಳಲ್ಲಿ ಹಿಡಿದ ಪುಟ್ಟ ಮಣ್ಣಿನ ಸ್ತ್ರೀಮೂರ್ತಿಗಳು ನೂರಾರು ಸಿಕ್ಕಿವೆ. ಮಗುವಿನ ಬಾಣಂತನ, ಎದೆಹಾಲು, ಜ್ವರ ಇಂಥ ಮನೆಯ ಚಿಂತೆಗಳಿಗೆ ತಾಯಂದಿರು ಅವನ್ನು ಇಟ್ಟುಕೊಂಡಿದ್ದರೆ ನಾವು ಆಶ್ಚರ್ಯಪಡಬೇಕಾಗಿಲ್ಲ.

ಆದರೆ ಇದನ್ನೆಲ್ಲ ಬೈಬಲ್ ಮುಚ್ಚಿಟ್ಟಿದೆಯೇ? ಇಲ್ಲ. ಅರಸುಗಳ ಎರಡನೆಯ ಗ್ರಂಥದ 21 ಮತ್ತು 23ನೇ ಅಧ್ಯಾಯಗಳನ್ನು ತೆರೆದು ನೋಡಿ. ಅರಸ ಮನಸ್ಸೆ ಅಶೇರಳ ವಿಗ್ರಹವನ್ನು ದೇವಾಲಯದೊಳಗೇ ಇಟ್ಟ ಎಂದಿದೆ. ದೇವಾಲಯದ ಆವರಣದಲ್ಲೇ ಹೆಂಗಸರು ಅಶೇರಳಿಗಾಗಿ ಬಟ್ಟೆ ನೇಯುತ್ತಿದ್ದರು ಎಂದೂ ಇದೆ. ಯೆರೆಮೀಯ 7ರಲ್ಲಿ ಇನ್ನೂ ಮನೆಮನೆಯ ಚಿತ್ರ: ಮಕ್ಕಳು ಸೌದೆ ಆರಿಸಿ ತರುತ್ತಾರೆ, ಅಪ್ಪಂದಿರು ಒಲೆ ಹೊತ್ತಿಸುತ್ತಾರೆ, ತಾಯಂದಿರು ಹಿಟ್ಟು ನಾದುತ್ತಾರೆ, ಎಲ್ಲವೂ ಗಗನರಾಣಿಗೆ ಎಡೆ ಮಾಡಲು. ಯಾವ ಜನಾಂಗ ತಾನೇ ತನ್ನ ಪವಿತ್ರ ಗ್ರಂಥದಲ್ಲಿ ತನ್ನ ಮನೆಯ ಗುಟ್ಟನ್ನು ಹೀಗೆ ಬರೆದಿಡುತ್ತದೆ? ಹುಡುಗ ಮೊಬೈಲಿನಲ್ಲಿ ಕಂಡದ್ದು ಅವನ ಅಜ್ಜಿಯ ಬೈಬಲಿನಲ್ಲೇ ಇತ್ತು, ನಾವು ಯಾರೂ ಅವನಿಗೆ ಆ ಪುಟ ತೆರೆದು ತೋರಿಸಿರಲಿಲ್ಲ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಪ್ರಕಟಣೆಯ ಕುರಿತ ತನ್ನ ಸಂವಿಧಾನದಲ್ಲಿ, ಹಳೆಯ ಒಡಂಬಡಿಕೆಯ ಗ್ರಂಥಗಳಲ್ಲಿ ಅಪೂರ್ಣವೂ ತಾತ್ಕಾಲಿಕವೂ ಆದ ಅಂಶಗಳಿವೆ, ಆದರೂ ಅವು ದೇವರು ಮನುಷ್ಯರಿಗೆ ಪಾಠ ಕಲಿಸುವ ರೀತಿಯನ್ನು ತೋರಿಸುತ್ತವೆ ಎಂಬ ಅರ್ಥದಲ್ಲಿ ಬೋಧಿಸಿದೆ. ಒಳ್ಳೆಯ ಮಾಸ್ತರರು ಒಂದನೇ ತರಗತಿಯ ಮಗುವಿಗೆ ಬೀಜಗಣಿತ ಕಲಿಸುವುದಿಲ್ಲ.

ಹಾಗಾದರೆ ಪಾಠ ಯಾವಾಗ ಮನದಟ್ಟಾಯಿತು? ಅರಸರು ಆಜ್ಞೆಯಿಂದ ಕಲಿಸಲು ನೋಡಿದರು. ಹಿಜ್ಕೀಯ ಮೋಶೆಯ ಕಾಲದ್ದೆನ್ನಲಾದ ಕಂಚಿನ ಸರ್ಪವನ್ನೇ ಒಡೆಸಿದ, ಜನ ಅದಕ್ಕೆ ಧೂಪ ಹಾಕುತ್ತಿದ್ದುದರಿಂದ. ಕ್ರಿ.ಪೂ. 622ರ ಸುಮಾರಿಗೆ ದೇವಾಲಯದ ದುರಸ್ತಿಯ ವೇಳೆ ಧರ್ಮಶಾಸ್ತ್ರದ ಗ್ರಂಥವೊಂದು ಸಿಕ್ಕಾಗ ಯೋಷೀಯ ಅರಸ ಅಶೇರಳ ಮೂರ್ತಿಯನ್ನು ಹೊರತೆಗೆಸಿ ಕಿದ್ರೋನ್ ಕಣಿವೆಯಲ್ಲಿ ಸುಡಿಸಿದ, ನೇಯುವ ಹೆಂಗಸರ ಕೋಣೆಗಳನ್ನು ಕೆಡವಿಸಿದ. ಆ ಗ್ರಂಥ ಇಂದಿನ ಧರ್ಮೋಪದೇಶಕಾಂಡದ ಮೂಲಭಾಗ ಎಂದು ಬಹುಪಾಲು ವಿದ್ವಾಂಸರ ಮತ. ಆದರೆ ಕ್ರಿ.ಪೂ. 609ರಲ್ಲಿ ಯೋಷೀಯ ಮೆಗಿದ್ದೋದಲ್ಲಿ ಫರೋಹ ನೆಕೋವಿನ ಕೈಯಲ್ಲಿ ಮಡಿದ. ಮುಂದಿನ ಅರಸರ ಕಾಲದಲ್ಲಿ ಹಳೆಯದೆಲ್ಲ ಮರಳಿ ಬಂತು. ಅದಕ್ಕೂ ಏಳು ಶತಮಾನಗಳ ಹಿಂದೆ ಈಜಿಪ್ಟಿನ ಅಖೆನಾತೆನ್ ಸೂರ್ಯಬಿಂಬವೊಂದನ್ನೇ ಆರಾಧಿಸಬೇಕೆಂದು ಇಡೀ ರಾಜ್ಯವನ್ನು ತಿರುಗಿಸಲು ಹೊರಟಿದ್ದ, ಅವನು ಸತ್ತ ಕೆಲವೇ ವರ್ಷಗಳಲ್ಲಿ ಅದೂ ಮಣ್ಣುಗೂಡಿತು. ಅರಮನೆಯಿಂದ ಇಳಿದ ಏಕದೇವ ವಿಶ್ವಾಸ ಅರಸನ ಜೊತೆಗೇ ಸಮಾಧಿಯಾಗುತ್ತದೆ.

ಯೋಷೀಯನ ಸುಧಾರಣೆಯನ್ನು ಜನ ಹೇಗೆ ಕಂಡರು ಎಂಬುದಕ್ಕೆ ಯೆರೆಮೀಯ 44ರಷ್ಟು ಪ್ರಾಮಾಣಿಕ ದಾಖಲೆ ಇನ್ನೊಂದಿಲ್ಲ. ಜೆರುಸಲೇಮ್ ಬಿದ್ದ ಮೇಲೆ ಈಜಿಪ್ಟಿಗೆ ಓಡಿ ಬಂದವರು ಪ್ರವಾದಿಯ ಮುಖಕ್ಕೇ ಹೇಳುತ್ತಾರೆ: ಗಗನರಾಣಿಗೆ ಎಡೆ ಇಡುತ್ತಿದ್ದಾಗ ಹೊಟ್ಟೆ ತುಂಬ ಊಟವಿತ್ತು. ಅದನ್ನು ಬಿಟ್ಟ ದಿನದಿಂದ ಕತ್ತಿ, ಬರ, ಎಲ್ಲ ಕೇಡು. ಇದಕ್ಕೆ ಉತ್ತರ ಕೊಡುವುದು ಸುಲಭವಲ್ಲ. ಹರಕೆ ಬಿಟ್ಟದ್ದಕ್ಕೇ ಹೀಗಾಯಿತು ಎಂಬ ಮಾತನ್ನು ನಾವು ನಮ್ಮ ಧರ್ಮಕೇಂದ್ರದ ಮನೆಗಳಲ್ಲೂ ಕೇಳಿಲ್ಲವೇ?

ಕ್ರಿ.ಪೂ. 587ರಲ್ಲಿ ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಸುಟ್ಟಿತು. ದೇವಾಲಯ ಬೂದಿಯಾಯಿತು, ಅರಸನ ಕಣ್ಣು ಕಿತ್ತರು, ಜನರನ್ನು ಗಡೀಪಾರು ಮಾಡಿದರು. ಹಳೆಯ ಲೆಕ್ಕದ ಪ್ರಕಾರ ಇದರ ಅರ್ಥ ಒಂದೇ: ಬಾಬಿಲೋನಿನ ಮಾರ್ದೂಕ್ ಗೆದ್ದ, ಸರ್ವೇಶ್ವರ ಸೋತರು. ಸೋತ ದೇವರನ್ನು ಬಿಟ್ಟು ಗೆದ್ದ ದೇವರನ್ನು ಹಿಡಿಯುವುದೇ ಲೋಕರೂಢಿ. ಸುತ್ತಲಿನ ಎಷ್ಟೋ ಸಣ್ಣ ಜನಾಂಗಗಳು ಹಾಗೆಯೇ ಕರಗಿಹೋದವು. ಕೆಮೋಷನನ್ನು ಇಂದು ಕರೆಯುವವರು ಯಾರು?

ಇಲ್ಲಿಯೇ, ಪ್ರಿಯರೇ, ಲೆಕ್ಕ ತಲೆಕೆಳಗಾದದ್ದು. ಅದರ ಬೀಜ ಮೊದಲೇ ಬಿದ್ದಿತ್ತು. ಕ್ರಿ.ಪೂ. 8ನೇ ಶತಮಾನದಲ್ಲೇ ಪ್ರವಾದಿ ಆಮೋಸ, ಇಸ್ರಯೇಲರನ್ನು ಈಜಿಪ್ಟಿನಿಂದ ಕರೆತಂದ ದೇವರೇ ಫಿಲಿಷ್ಟಿಯರನ್ನೂ ಅರಾಮ್ಯರನ್ನೂ ಅವರವರ ನಾಡಿಗೆ ಕರೆತಂದವರು ಎಂದು ಹೇಳಿ ಕೇಳಿದವರನ್ನು ಬೆಚ್ಚಿಬೀಳಿಸಿದ್ದ. ಯೆಶಾಯ ಅಸ್ಸೀರಿಯವನ್ನು ದೇವರ ಕೈಯ ಕೋಲಿಗೆ ಹೋಲಿಸಿದ್ದ. ಈಗ ಸೆರೆಯಲ್ಲಿದ್ದವರು ಆ ಮಾತುಗಳನ್ನು ಮತ್ತೆ ನೆನೆದರು. ಶತ್ರುವೂ ನಮ್ಮ ದೇವರ ಕೈಯಲ್ಲಿದ್ದರೆ, ಈ ಸೋಲು ದೇವರ ಸೋಲಲ್ಲ. ಹಾಗಿದ್ದರೆ ಅವರು ನಮ್ಮ ನಾಡಿಗಷ್ಟೇ ದೇವರೂ ಅಲ್ಲ. ನಾಮಾನ ಹೊತ್ತೊಯ್ದ ಮಣ್ಣು ಇನ್ನು ಬೇಕಾಗಿಲ್ಲ, ಬಾಬಿಲೋನಿನ ಕಾಲುವೆಯ ದಡದಲ್ಲೂ ಅವರನ್ನು ಕರೆಯಬಹುದು. ತ್ರಿಯೇಕ ದೇವರ ಹಬ್ಬದಂದು ಓದುವ ಧರ್ಮೋಪದೇಶಕಾಂಡ 4ನೇ ಅಧ್ಯಾಯದಲ್ಲಿ, ಅಂದಿನ ವಾಚನಕ್ಕೆ ಸ್ವಲ್ಪ ಮೊದಲು, ಜನಾಂಗಗಳ ನಡುವೆ ಚದುರಿಹೋದವರು ಅಲ್ಲಿಂದಲೇ ದೇವರನ್ನು ಹುಡುಕಿ ಕಂಡುಕೊಳ್ಳುವ ಮಾತು ಬರುತ್ತದೆ. ಸೆರೆಯ ಕಹಿ ಉಂಡವರ ಕೈ ಆ ಅಧ್ಯಾಯದ ಮೇಲೆ ಆಡಿದೆ ಎಂದು ವಿದ್ವಾಂಸರು ಹೇಳುವುದು ಇದಕ್ಕೇ.

ಈ ವಿಶ್ವಾಸ ಮುಚ್ಚುಮರೆಯಿಲ್ಲದೆ ಹಾಡಾಗಿ ಹೊಮ್ಮಿದ್ದು ಯೆಶಾಯ ಗ್ರಂಥದ 40ರಿಂದ 55ರವರೆಗಿನ ಅಧ್ಯಾಯಗಳಲ್ಲಿ. ಸೆರೆಯ ಕೊನೆಯ ವರ್ಷಗಳಲ್ಲಿ ಹಾಡಿದ ಆ ಪ್ರವಾದಿಯ ಹೆಸರೂ ಉಳಿದಿಲ್ಲ, ಎರಡನೆಯ ಯೆಶಾಯ ಎಂದು ಕರೆಯುತ್ತೇವೆ. ಬಾಬಿಲೋನಿನಲ್ಲಿ ಪ್ರತಿ ವಸಂತದಲ್ಲೂ ಹೊಸ ವರ್ಷದ ಅಕೀತು ಹಬ್ಬಕ್ಕೆ ಮಾರ್ದೂಕನ ಮೂರ್ತಿಯನ್ನು ಮೆರವಣಿಗೆಯಲ್ಲಿ ನಗರದ ಹೊರಕ್ಕೆ ಒಯ್ಯುವ ಪದ್ಧತಿಯಿತ್ತು. ಕ್ರಿ.ಪೂ. 539ರಲ್ಲಿ ಪರ್ಷಿಯದ ಸೈರಸ್ ಮುತ್ತಲು ಬಂದಾಗ ಅರಸ ನಬೋನಿದಸ್ ಸುತ್ತಲಿನ ಪಟ್ಟಣಗಳ ದೇವತಾಮೂರ್ತಿಗಳನ್ನು ರಾಜಧಾನಿಗೆ ಸಾಗಿಸಿದ ಎಂದು ಬಾಬಿಲೋನಿನ ವೃತ್ತಾಂತ ಹಲಗೆಯೇ ತಿಳಿಸುತ್ತದೆ. ಯೆಶಾಯ 46ನೇ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಬಾಬಿಲೋನಿನ ದೇವರುಗಳು ದಣಿದ ದನಗಳ ಬೆನ್ನ ಮೇಲೆ ಹೊರೆಯಾಗಿ ಹೋಗುತ್ತಾರೆ. ಇಸ್ರಯೇಲರ ದೇವರಾದರೋ ತಮ್ಮ ಜನರನ್ನು ಗರ್ಭದಿಂದ ಹಿಡಿದು ತಲೆ ನರೆಯುವ ತನಕ ತಾವೇ ಹೊರುತ್ತಾರೆ. ಹೊರಿಸಿಕೊಳ್ಳುವ ದೇವರು, ಹೊರುವ ದೇವರು: ಪ್ರವಾದಿಯ ವಾದವೆಲ್ಲ ಇದರಲ್ಲಿದೆ.

ಇಲ್ಲಿ ಒಂದು ಮಾತು. ಅದೇ ಪ್ರವಾದಿ ವಿಗ್ರಹ ಕೆತ್ತುವ ಬಡಗಿಯನ್ನು ಕಟುವಾಗಿ ಹಾಸ್ಯ ಮಾಡಿದ್ದಾನೆ. ಅದು ಎಲ್ಲವನ್ನೂ ಕಳೆದುಕೊಂಡ ಸೆರೆಯಾಳು ತನ್ನನ್ನು ಆಳುವ ಸಾಮ್ರಾಜ್ಯದ ವಿರುದ್ಧ ಆಡಿದ ಮಾತು. ಅದನ್ನೆತ್ತಿ ನೆರೆಮನೆಯವರ ದೇವರ ಕೋಣೆಯ ಮೇಲೆ ಎಸೆಯಲು ನಮಗೆ ಹಕ್ಕಿಲ್ಲ. ಹಿಂದೂ ಧರ್ಮವೂ ಸೇರಿದಂತೆ ಬೇರೆ ಧರ್ಮಗಳಲ್ಲಿರುವ ಸತ್ಯವಾದದ್ದನ್ನೂ ಪವಿತ್ರವಾದದ್ದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಅದೇ ಮಹಾಸಭೆ ಸಾರಿದೆ. ಅಲ್ಲದೆ ಊರ ಹಬ್ಬದಲ್ಲಿ ಸಂತರ ತೇರು ಎಳೆಯುವವರು ನಾವೇ, ಯಾರ ತೇರು ಮೊದಲು ಹೊರಡಬೇಕೆಂದು ಜಗಳವಾಡುವವರೂ ನಾವೇ. ಪ್ರವಾದಿಯ ಬಾಣ ಮೊದಲು ನಮಗೇ ತಾಗುತ್ತದೆ.

ಸೈರಸ್ ಬಾಬಿಲೋನನ್ನು ಗೆದ್ದ ಘಟನೆಗೆ ಎರಡು ಸಾಕ್ಷಿಗಳಿವೆ. 1879ರಲ್ಲಿ ಸಿಕ್ಕಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಮಣ್ಣಿನ ಉರುಳೆಯೊಂದು, ಸೈರಸ್‌ನನ್ನು ಆರಿಸಿದವನು ಮಾರ್ದೂಕ್ ಎನ್ನುತ್ತದೆ. ಯೆಶಾಯ 45ರಲ್ಲಿ ಆರಿಸಿದವರು ಸರ್ವೇಶ್ವರ, ಸೈರಸ್‌ಗೆ ಅವರ ಪರಿಚಯವೇ ಇಲ್ಲದಿದ್ದರೂ. ಅನ್ಯ ಅರಸನೊಬ್ಬನನ್ನು ದೇವರ ಅಭಿಷಿಕ್ತ ಎಂದು ಕರೆಯುವ ಧೈರ್ಯ ಆ ಪ್ರವಾದಿಗೆ ಬಂದದ್ದು ದೇವರು ಒಬ್ಬರೇ ಎಂದು ಅವನು ಪೂರ್ತಿ ನಂಬಿದ್ದರಿಂದ. ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಕಠಿಣ ಮಾತೂ ಇದೆ. ಬೆಳಕಿನಂತೆ ಕತ್ತಲೆಯೂ, ಸುಖದಂತೆ ಕಷ್ಟವೂ ಅದೇ ದೇವರ ಕೈಯೊಳಗೆ. ಹಲವು ದೇವರುಗಳಿರುವಾಗ ಕಷ್ಟಕ್ಕೆ ಒಬ್ಬರನ್ನು ದೂರಿ ಇನ್ನೊಬ್ಬರ ಬಳಿಗೆ ಹೋಗಬಹುದು. ಒಬ್ಬರೇ ಆದಾಗ ಅಳುವುದಕ್ಕೂ ಅವರೇ, ಜಗಳವಾಡುವುದಕ್ಕೂ ಅವರೇ. ಯೋಬನ ಗ್ರಂಥ ಹುಟ್ಟಿದ್ದು ಇಂಥ ನೆಲದಲ್ಲಿ. ಮಗುವನ್ನು ಮಣ್ಣುಮಾಡಿ ಬಂದ ಮನೆಯಲ್ಲಿ, ದೇವರು ಯಾಕೆ ಹೀಗೆ ಮಾಡಿದರು ಫಾದರ್ ಎಂದು ಕೇಳುವಾಗ ನಮ್ಮ ಬಾಯಿ ಕಟ್ಟುತ್ತದೆ. ಆದರೂ ಆ ಪ್ರಶ್ನೆ ಕೇಳುವವರು ಏಕದೇವ ವಿಶ್ವಾಸದ ಒಳಗೇ ಇದ್ದಾರೆ.

ಸೆರೆಯಿಂದ ಮರಳಿದ ಮೇಲೆ ಎಲ್ಲವೂ ಒಮ್ಮೆಗೇ ಸರಿಯಾಯಿತೆಂದು ತಿಳಿಯಬೇಡಿ. ಕ್ರಿ.ಪೂ. 5ನೇ ಶತಮಾನದಲ್ಲಿ ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ಯೆಹೂದ್ಯ ಸೈನಿಕರ ವಸತಿಯಿತ್ತು. ಅಲ್ಲಿ ಅವರದೇ ದೇವಾಲಯವೂ ಇತ್ತು. ಅವರ ಕಾಗದಪತ್ರಗಳಲ್ಲಿ ಎರಡೆರಡು ಶೆಕೆಲ್ ಬೆಳ್ಳಿ ಕೊಟ್ಟ ದಾನಿಗಳ ಪಟ್ಟಿಯೊಂದು ಸಿಕ್ಕಿದೆ. ಕೂಡಿದ ಹಣದಲ್ಲಿ ದೇವರ ಪಾಲಿನ ಜೊತೆಗೆ ಇನ್ನೆರಡು ದೇವತೆಗಳ ಪಾಲೂ ಇದೆ!

ಇನ್ನೂ ಹತ್ತಿರದ ಸಾಕ್ಷಿ ನಿಮಗೆಲ್ಲ ಗೊತ್ತಿರುವ ವಾಚನದಲ್ಲಿದೆ. ಮೃತರಿಗಾಗಿ ಅರ್ಪಿಸುವ ಬಲಿಪೂಜೆಗಳಲ್ಲಿ ಮಕ್ಕಬಿಯರ ಎರಡನೆಯ ಗ್ರಂಥದ 12ನೇ ಅಧ್ಯಾಯವನ್ನು ಓದುವುದುಂಟು. ಯೂದ ಮಕ್ಕಬಿ ಸುಮಾರು 2000 ದ್ರಾಕ್ಮ ಬೆಳ್ಳಿಯನ್ನು ಸಂಗ್ರಹಿಸಿ ಸತ್ತವರ ಪಾಪಪರಿಹಾರ ಬಲಿಗಾಗಿ ಜೆರುಸಲೇಮಿಗೆ ಕಳುಹಿಸುತ್ತಾನೆ. ಯಾವ ಪಾಪ? ವಾಚನ ಸಾಮಾನ್ಯವಾಗಿ ಆ ಭಾಗದ ನಂತರ ಆರಂಭವಾಗುವುದರಿಂದ ನಾವು ಕೇಳಿರುವುದಿಲ್ಲ. ಒಬ್ಬರೇ ದೇವರಿಗಾಗಿ ಪ್ರಾಣ ಕೊಡಲು ಹೊರಟಿದ್ದ ಆ ಸೈನಿಕರ ಅಂಗಿಯೊಳಗೆ ಯಮ್ನಿಯದ ವಿಗ್ರಹಗಳ ತಾಯಿತಗಳು ಸಿಕ್ಕಿದ್ದವು. ಕ್ರಿ.ಪೂ. 2ನೇ ಶತಮಾನದಲ್ಲಿ! ಯುದ್ಧಕ್ಕೆ ಹೊರಟ ಮಗನಿಗೆ ಯಾವ ತಾಯಿ ಕಟ್ಟಿದ್ದಳೋ ಏನೋ. ಯೂದ ಆ ಹೆಣಗಳನ್ನು ಬಿಟ್ಟು ಹೋಗಲಿಲ್ಲ, ಅವರನ್ನು ಹೂಳಿಸಿ ಅವರಿಗಾಗಿ ಪ್ರಾರ್ಥನೆ ಮಾಡಿಸಿದ.

ಇಷ್ಟನ್ನು ಹೇಳಿ ಮುಗಿಸಿದಾಗ ಹುಡುಗ ಒಂದು ಪ್ರಶ್ನೆ ಕೇಳಿದ. ಒಬ್ಬರೇ ದೇವರೆಂದು ಕಲಿಯಲು ಇಷ್ಟು ನೋವುಂಡ ಜನರಲ್ಲಿ ಕೆಲವರು ಯೇಸುವನ್ನು ಆರಾಧಿಸಿದ್ದು ಹೇಗೆ? ಹಬ್ಬದ ಪ್ರಶ್ನೆಯೇ ಅದು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ನೇ ಅಧ್ಯಾಯದಲ್ಲಿ ಇದಕ್ಕೆ ಸುಳಿವಿದೆ. ಪ್ರತಿ ಯೆಹೂದ್ಯನೂ ದಿನವೂ ಜಪಿಸುತ್ತಿದ್ದ ಏಕದೇವ ಪ್ರಮಾಣದಲ್ಲಿ 'ದೇವರು' ಮತ್ತು 'ಸರ್ವೇಶ್ವರ' ಎಂಬ ಎರಡು ಪದಗಳಿವೆ. ಸರ್ವೇಶ್ವರ ಎಂಬುದಕ್ಕೆ ಗ್ರೀಕ್ ಬೈಬಲಿನಲ್ಲಿ 'ಕೂರಿಯೋಸ್', ಅಂದರೆ ಪ್ರಭು. ಪೌಲರು ಆ ಪ್ರಮಾಣವನ್ನೇ ತೆಗೆದುಕೊಂಡು, ಒಬ್ಬರೇ ದೇವರು ಎಂಬಲ್ಲಿ ಪಿತನನ್ನೂ ಒಬ್ಬರೇ ಪ್ರಭು ಎಂಬಲ್ಲಿ ಯೇಸುಕ್ರಿಸ್ತರನ್ನೂ ಇಟ್ಟರು. ಎರಡನೆಯ ದೇವರನ್ನು ಪಕ್ಕಕ್ಕೆ ತಂದು ಕೂರಿಸಲಿಲ್ಲ, ಒಬ್ಬರೇ ಎಂಬುದರ ಒಳಗೇ ಯೇಸುವನ್ನು ಕಂಡರು. 325ರಲ್ಲಿ ನೈಸಿಯ ಮಹಾಸಭೆ ಪುತ್ರನು ಪಿತನೊಂದಿಗೆ ಏಕಸ್ವರೂಪಿ ಎಂದು ಘೋಷಿಸಿದ್ದು ಇದೇ ಏಕತೆಯನ್ನು ಕಾಪಾಡಲು.

ಆ ಹುಡುಗ ಕಾಲೇಜಿಗೆ ಮರಳುವ ಹಿಂದಿನ ಸಂಜೆ ಗುರುಮನೆಗೆ ಮತ್ತೆ ಬಂದಿದ್ದ. ಅರಸುಗಳ ಗ್ರಂಥ ಓದಿ ಬಂದಿದ್ದ. "ಫಾದರ್, ಯೋಷೀಯ ಕೋಣೆ ಕೆಡವಿಸಿದನಲ್ಲ, ಆ ನೇಯುವ ಹೆಂಗಸರು ಆಮೇಲೆ ಎಲ್ಲಿಗೆ ಹೋದರು?" ಎಂದ. ಗ್ರಂಥದಲ್ಲಿ ಅದನ್ನು ಬರೆದಿಲ್ಲ. ನಾವು ಹಾಗೆಯೇ ಹೇಳಿದೆವು.